ಡಿಸ್ಕ್ ಗಾಲ್ಫ್ ಡ್ರೈವರ್‌ಗಳ ಹಾರಾಟದ ಮೇಲೆ ಪ್ಲಾಸ್ಟಿಕ್‌ನ ಪ್ರಭಾವ

ಡಿಸ್ಕ್ ಗಾಲ್ಫ್ ಆಟದಲ್ಲಿ ದೂರದ ಎಸೆತಕ್ಕೆ ಬಳಸುವ, ಅಗಲವಾದ ಮತ್ತು ಚೂಪಾದ ಅಂಚುಳ್ಳ ಡಿಸ್ಕನ್ನು ಡ್ರೈವರ್ ಎಂದು ಕರೆಯುತ್ತಾರೆ. ತಯಾರಕರು ಒಂದೇ ಹೆಸರಿನ ಡ್ರೈವರನ್ನು ಹಲವು ಬಗೆಯ ಪ್ಲಾಸ್ಟಿಕ್‌ಗಳಲ್ಲಿ ತಯಾರಿಸಿ ಮಾರುತ್ತಾರೆ. ಇವು ನೋಟಕ್ಕೆ ಒಂದೇ ಆಗಿದ್ದರೂ ಗಾಳಿಯಲ್ಲಿ ಒಂದೇ ರೀತಿ ಹಾರುವುದಿಲ್ಲ. ಪ್ಲಾಸ್ಟಿಕ್ ತಾನಾಗಿಯೇ ಹಾರಾಟದ ದಾರಿಯನ್ನು ನಿರ್ಧರಿಸುವುದಿಲ್ಲ. ಗಾಳಿಯ ಪಾಲಿಗೆ ಮುಖ್ಯವಾದುವು ಡಿಸ್ಕಿನ ಆಕಾರ, ತೂಕ ಮತ್ತು ಮೇಲ್ಮೈ. ಈ ಮೂರನ್ನೂ, ಅವುಗಳ ಜೊತೆಗೆ ಆಟಗಾರನ ಹಿಡಿತವನ್ನೂ ಬದಲಿಸುವ ಮೂಲಕ ಪ್ಲಾಸ್ಟಿಕ್ ಹಾರಾಟದ ಮೇಲೆ ಪರೋಕ್ಷವಾಗಿ ಪ್ರಭಾವ ಬೀರುತ್ತದೆ.

ಹಿನ್ನೆಲೆ

ಡಿಸ್ಕ್ ಗಾಲ್ಫ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡ ಆಟ. ಚೆಂಡು ಮತ್ತು ಕೋಲಿನ ಬದಲು ಹಾರುವ ಡಿಸ್ಕನ್ನು ಬಳಸಿ, ಸರಪಳಿಗಳನ್ನು ಇಳಿಬಿಟ್ಟ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಅದನ್ನು ತಲುಪಿಸುವುದು ಇದರ ಗುರಿ. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಸಂಸ್ಥೆಯಲ್ಲಿ ದುಡಿದಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಕಣವನ್ನು ರೂಪಿಸಿದರು. ಮರುವರ್ಷ, ಅಂದರೆ 1976ರಲ್ಲಿ, ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನು ಸ್ಥಾಪಿಸಿದರು. ಪಿಡಿಜಿಎ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಈ ಸಂಘವೇ ಇಂದು ಆಟದ ನಿಯಮಗಳನ್ನು ರೂಪಿಸುತ್ತದೆ ಮತ್ತು ಡಿಸ್ಕ್‌ಗಳಿಗೆ ಮಾನ್ಯತೆ ನೀಡುತ್ತದೆ.

ಆರಂಭದ ಆಟಗಾರರು ಬಳಸುತ್ತಿದ್ದುದು ದುಂಡು ಅಂಚಿನ ಸಾಮಾನ್ಯ ಫ್ರಿಸ್ಬಿಗಳನ್ನು. 1983ರಲ್ಲಿ ಇನ್ನೋವಾ ಸಂಸ್ಥೆಯ ಡೇವ್ ಡನಿಪೇಸ್ ಓರೆಯಾಗಿ ಚೂಪುಗೊಳಿಸಿದ ಅಂಚುಳ್ಳ ಡಿಸ್ಕನ್ನು ರೂಪಿಸಿದರು. ಇಂದಿನ ಎಲ್ಲ ಡ್ರೈವರ್‌ಗಳೂ ಈ ಕಲ್ಪನೆಯ ಮುಂದುವರಿಕೆಗಳೇ. ಅಂಚು ಚೂಪಾದಷ್ಟೂ ಗಾಳಿಯ ತಡೆ ಕಡಿಮೆಯಾಗಿ ವೇಗ ಹೆಚ್ಚಿತು. ಅದರೊಂದಿಗೆ ಅಂಚಿನ ಆಕಾರದಲ್ಲಾಗುವ ಅತಿಸಣ್ಣ ವ್ಯತ್ಯಾಸವೂ ಎಸೆತದಲ್ಲಿ ಕಾಣತೊಡಗಿತು. ಪ್ಲಾಸ್ಟಿಕ್‌ನ ಬಗೆ ಮುಖ್ಯವಾಗಲು ಇದೇ ಕಾರಣ.

ಹಾರಾಟದ ತತ್ತ್ವ

ತಿರುಗುತ್ತಿರುವ ಬುಗುರಿಯನ್ನು ಪಕ್ಕದಿಂದ ತಳ್ಳಿದರೆ ಅದು ತಳ್ಳಿದ ದಿಕ್ಕಿಗೆ ಬೀಳದೆ ಅದಕ್ಕೆ ಲಂಬವಾದ ದಿಕ್ಕಿಗೆ ವಾಲುತ್ತದೆ. ಡಿಸ್ಕಿನ ವರ್ತನೆಯೂ ಇದೇ ಬಗೆಯದು. ಬಲಗೈ ಆಟಗಾರನು ಬ್ಯಾಕ್‌ಹ್ಯಾಂಡ್ ಶೈಲಿಯಲ್ಲಿ ಎಸೆದ ಡಿಸ್ಕ್ ಮೇಲಿನಿಂದ ನೋಡಿದಾಗ ಪ್ರದಕ್ಷಿಣವಾಗಿ ತಿರುಗುತ್ತದೆ. ವೇಗ ಹೆಚ್ಚಿರುವಾಗ ಗಾಳಿಯ ಒತ್ತಡದ ಕೇಂದ್ರ ಡಿಸ್ಕಿನ ಮಧ್ಯಕ್ಕಿಂತ ಹಿಂದಿದ್ದರೆ ಮೂತಿಯನ್ನು ಕೆಳಕ್ಕೆ ಒತ್ತುವ ಬಲ ಉಂಟಾಗುತ್ತದೆ. ತಿರುಗುವಿಕೆಯ ಕಾರಣದಿಂದ ಆ ಬಲ ಡಿಸ್ಕನ್ನು ಬಲಕ್ಕೆ ವಾಲಿಸುತ್ತದೆ. ಇದನ್ನು ಟರ್ನ್ ಎನ್ನುತ್ತಾರೆ. ವೇಗ ಕುಗ್ಗಿ ಡಿಸ್ಕ್ ಕೆಳಗಿಳಿಯತೊಡಗಿದಾಗ ಒತ್ತಡದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಡಿಸ್ಕ್ ಎಡಕ್ಕೆ ಬಾಗುತ್ತದೆ. ಇದು ಫೇಡ್. ಎಡಗೈ ಆಟಗಾರರ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ ದಿಕ್ಕುಗಳು ಅದಲುಬದಲಾಗುತ್ತವೆ.

ಟರ್ನ್ ಕಡಿಮೆಯಿದ್ದು ಫೇಡ್ ಹೆಚ್ಚಿರುವ ಡಿಸ್ಕನ್ನು ಓವರ್‌ಸ್ಟೇಬಲ್ ಎಂದೂ, ಸುಲಭವಾಗಿ ಬಲಕ್ಕೆ ಹೊರಳುವುದನ್ನು ಅಂಡರ್‌ಸ್ಟೇಬಲ್ ಎಂದೂ ಕರೆಯುತ್ತಾರೆ. ಅನೇಕ ತಯಾರಕರು ವೇಗ, ತೇಲುವಿಕೆ, ಟರ್ನ್ ಮತ್ತು ಫೇಡ್ ಎಂಬ ನಾಲ್ಕು ಅಂಕಿಗಳಲ್ಲಿ ಡಿಸ್ಕಿನ ಗುಣವನ್ನು ಸೂಚಿಸುತ್ತಾರೆ. ಉದಾಹರಣೆಗೆ, ಇನ್ನೋವಾದ ಡೆಸ್ಟ್ರಾಯರ್ ಡಿಸ್ಕಿನ ಅಂಕಿಗಳು 12, 5, -1, 3; ಲೆಪರ್ಡ್ ಡಿಸ್ಕಿನವು 6, 5, -2, 1.

ಪ್ಲಾಸ್ಟಿಕ್‌ನ ಬಗೆಗಳು

ಡಿಸ್ಕ್‌ಗಳ ಪ್ಲಾಸ್ಟಿಕ್‌ಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೂಲ ದರ್ಜೆ: ಬೆಲೆ ಕಡಿಮೆ, ಹೊಸದರಲ್ಲಿ ಹಿಡಿತ ಉತ್ತಮ, ಬಾಳಿಕೆ ಕಡಿಮೆ. ಇನ್ನೋವಾದ ಡಿಎಕ್ಸ್, ಡಿಸ್ಕ್ರಾಫ್ಟ್‌ನ ಪ್ರೊ-ಡಿ ಮತ್ತು ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಸಂಸ್ಥೆಯ ರೆಟ್ರೊ ಈ ವರ್ಗಕ್ಕೆ ಸೇರುತ್ತವೆ.

ಪಾರದರ್ಶಕ ಉನ್ನತ ದರ್ಜೆ: ಗಟ್ಟಿಯಾದ, ನುಣುಪಾದ, ದೀರ್ಘಕಾಲ ಬಾಳುವ ಪ್ಲಾಸ್ಟಿಕ್. ಇನ್ನೋವಾದ ಚಾಂಪಿಯನ್, ಡಿಸ್ಕ್ರಾಫ್ಟ್‌ನ ಝಡ್, ಲ್ಯಾಟಿಟ್ಯೂಡ್ 64ರ ಆಪ್ಟೊ ಇದಕ್ಕೆ ನಿದರ್ಶನಗಳು.

ಅಪಾರದರ್ಶಕ ಉನ್ನತ ದರ್ಜೆ: ಬಾಳಿಕೆಯೊಂದಿಗೆ ಹಿಡಿತವನ್ನೂ ಕೊಡುವ ಪ್ಲಾಸ್ಟಿಕ್. ಇನ್ನೋವಾದ ಸ್ಟಾರ್ ಮತ್ತು ಡಿಸ್ಕ್ರಾಫ್ಟ್‌ನ ಇಎಸ್‌ಪಿ ಈ ಬಗೆಯವು. ಇನ್ನೋವಾದ ಜಿಸ್ಟಾರ್ ಇನ್ನೂ ಹೆಚ್ಚು ಬಾಗುವ ಗುಣವುಳ್ಳದ್ದು.

ಅಮೆರಿಕದ ಮಿಷಿಗನ್ ರಾಜ್ಯದ ಎಂವಿಪಿ ಸಂಸ್ಥೆ ಎರಡು ಬೇರೆ ಬೇರೆ ಪ್ಲಾಸ್ಟಿಕ್‌ಗಳನ್ನು ಒಂದೇ ಡಿಸ್ಕಿನಲ್ಲಿ ಬೆಸೆಯುತ್ತದೆ. ಹೊರ ಅಂಚಿಗೆ ಹೆಚ್ಚು ಸಾಂದ್ರವಾದ ಪ್ಲಾಸ್ಟಿಕ್ ಬಳಸುವುದರಿಂದ ತೂಕ ಅಂಚಿನತ್ತ ಸರಿದು, ತಿರುಗುವಿಕೆ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದು ಇದರ ಹಿಂದಿನ ಆಲೋಚನೆ.

ಹಾರಾಟದ ಮೇಲಿನ ಪ್ರಭಾವ

ತಣಿಯುವಾಗಿನ ಕುಗ್ಗುವಿಕೆ

ಕಾಯಿಸಿ ಕರಗಿಸಿದ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಗೆ ಒತ್ತಡದಿಂದ ತುಂಬಿ ಡಿಸ್ಕ್ ತಯಾರಿಸುತ್ತಾರೆ. ತಣಿಯುವಾಗ ಎಲ್ಲ ಪ್ಲಾಸ್ಟಿಕ್‌ಗಳೂ ಕುಗ್ಗುತ್ತವೆ, ಆದರೆ ಸಮಪ್ರಮಾಣದಲ್ಲಿ ಅಲ್ಲ. ಆದ್ದರಿಂದ ಅದೇ ಅಚ್ಚಿನಿಂದ ಹೊರಬಂದ ಎರಡು ಡಿಸ್ಕ್‌ಗಳಲ್ಲಿ ಒಂದರ ಮೇಲ್ಭಾಗ ಚಪ್ಪಟೆಯಾಗಿ, ಇನ್ನೊಂದರದು ಗುಮ್ಮಟದಂತೆ ಉಬ್ಬಿ ಬರಬಹುದು. ಉಬ್ಬು ಹೆಚ್ಚಿದ್ದರೆ ಡಿಸ್ಕ್ ಸಾಮಾನ್ಯವಾಗಿ ಹೆಚ್ಚು ತೇಲುತ್ತದೆ. ಚಪ್ಪಟೆಯಾದುದು ಬೇಗ ಕೆಳಗಿಳಿಯುತ್ತದೆ.

ಇನ್ನೂ ಮುಖ್ಯವಾದುದು ಅಂಚಿನ ಅತ್ಯಂತ ಹೊರಗಿನ ರೇಖೆಯ ಎತ್ತರ. ಡಿಸ್ಕನ್ನು ಸಮತಟ್ಟಾದ ಮೇಜಿನ ಮೇಲಿಟ್ಟಾಗ ಈ ರೇಖೆ ಎತ್ತರದಲ್ಲಿದ್ದರೆ ಡಿಸ್ಕ್ ಓವರ್‌ಸ್ಟೇಬಲ್ ಆಗಿಯೂ, ತಗ್ಗಿನಲ್ಲಿದ್ದರೆ ಅಂಡರ್‌ಸ್ಟೇಬಲ್ ಆಗಿಯೂ ವರ್ತಿಸುವ ಒಲವು ತೋರುತ್ತದೆ. ಪಾರದರ್ಶಕ ಉನ್ನತ ದರ್ಜೆಯ ಡ್ರೈವರ್‌ಗಳು ಮೂಲ ದರ್ಜೆಯವುಗಳಿಗಿಂತ ಹೆಚ್ಚು ಎಡಕ್ಕೆ ಮುಗಿಯುತ್ತವೆ ಎಂಬ ಆಟಗಾರರ ಸಾಮಾನ್ಯ ಅನುಭವಕ್ಕೆ ಈ ಆಕಾರಭೇದವೇ ಮುಖ್ಯ ವಿವರಣೆ.

ತೂಕ

ಪಾಲಿಎಥಿಲೀನ್‌ನಂತಹ ಪ್ಲಾಸ್ಟಿಕ್‌ನ ಸಾಂದ್ರತೆ ನೀರಿಗಿಂತ ಕಡಿಮೆ; ಪಾಲಿಯುರಿಥೇನ್‌ನದು ಸಾಮಾನ್ಯವಾಗಿ ನೀರಿಗಿಂತ ಹೆಚ್ಚು. ಅಚ್ಚಿನ ಗಾತ್ರ ಬದಲಾಗದು. ಹೀಗಾಗಿ ಸಾಂದ್ರ ಪ್ಲಾಸ್ಟಿಕ್‌ನಲ್ಲಿ ಹಗುರವಾದ ಡಿಸ್ಕ್ ಮಾಡುವುದು ಕಷ್ಟ. ಇನ್ನೋವಾದ ಬ್ಲಿಝರ್ಡ್ ಚಾಂಪಿಯನ್ ಪ್ಲಾಸ್ಟಿಕ್‌ನಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಸೇರಿಸಿ ಈ ತೊಡಕನ್ನು ನಿವಾರಿಸಿದ್ದಾರೆ. ಹಗುರವಾದ ಡ್ರೈವರಿಗೆ ವೇಗ ಕೊಡುವುದು ಸುಲಭ. ಆದರೆ ಎದುರುಗಾಳಿಗೆ ಅದು ಬೇಗ ಹೊರಳುತ್ತದೆ.

ಸವೆತ

ಮರ, ಕಲ್ಲು ಮತ್ತು ನೆಲಕ್ಕೆ ಬಡಿದಂತೆಲ್ಲ ಡಿಸ್ಕಿನ ಅಂಚು ತರಿದು, ಬಾಗಿ, ಒರಟಾಗುತ್ತದೆ. ಇದರಿಂದ ಟರ್ನ್ ಹೆಚ್ಚಿ ಫೇಡ್ ಕಡಿಮೆಯಾಗುತ್ತದೆ. ಮೂಲ ದರ್ಜೆಯ ಡ್ರೈವರ್‌ನಲ್ಲಿ ಈ ಬದಲಾವಣೆ ಬಹುಬೇಗ ಕಾಣಿಸುತ್ತದೆ. ಮರಗಳ ನಡುವಿನ ಅಂಕಣದಲ್ಲಿ ಕೆಲವೇ ಸುತ್ತುಗಳು ಸಾಕು. ಉನ್ನತ ದರ್ಜೆಯ ಪ್ಲಾಸ್ಟಿಕ್‌ನಲ್ಲಿ ಇದಕ್ಕೆ ವರ್ಷಗಳೇ ಬೇಕಾಗಬಹುದು.

ಸವೆತವನ್ನು ಕೇವಲ ದೋಷವೆಂದು ಭಾವಿಸಲಾಗದು. ಹೊಸದು ಎಡಕ್ಕೆ ಮುಗಿದರೆ, ಅರ್ಧ ಪಳಗಿದ್ದು ನೇರವಾಗಿ ಸಾಗುತ್ತದೆ, ಪೂರ್ತಿ ಪಳಗಿದ್ದು ಬಲಕ್ಕೆ ದೀರ್ಘವಾಗಿ ಬಾಗುತ್ತದೆ. ಆದ್ದರಿಂದ ಅನುಭವಿಗಳು ಒಂದೇ ಹೆಸರಿನ ಮೂರು ಡಿಸ್ಕ್‌ಗಳನ್ನು ಸವೆತದ ಮೂರು ಹಂತಗಳಲ್ಲಿ ಚೀಲದಲ್ಲಿಟ್ಟುಕೊಂಡು, ಕೈಗೆ ಪರಿಚಿತವಾದ ಒಂದೇ ಹಿಡಿತದಿಂದ ಮೂರು ಬಗೆಯ ಎಸೆತಗಳನ್ನು ಸಾಧಿಸುವುದುಂಟು.

ಹಿಡಿತ ಮತ್ತು ಹವಾಮಾನ

ಕೈಯಿಂದ ಜಾರುವ ಡಿಸ್ಕಿಗೆ ಸಾಕಷ್ಟು ತಿರುಗುವಿಕೆ ದೊರೆಯುವುದಿಲ್ಲ. ತಿರುಗುವಿಕೆ ಕಡಿಮೆಯಾದರೆ ಆಕಾರ ಎಷ್ಟೇ ಉತ್ತಮವಾಗಿದ್ದರೂ ಹಾರಾಟ ಅಸ್ಥಿರವಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಮಳೆಯಲ್ಲೂ ಚಳಿಯಲ್ಲೂ ಜಾರುವುದು ಹೆಚ್ಚು. ಚಳಿಗೆ ಪ್ಲಾಸ್ಟಿಕ್ ಬಿರುಸಾಗುತ್ತದೆ, ಬಿಸಿಲಿಗೆ ಮೆದುವಾಗುತ್ತದೆ. ದೀರ್ಘ ಚಳಿಗಾಲವಿರುವ ಫಿನ್‌ಲೆಂಡ್, ಸ್ವೀಡನ್ ಮೊದಲಾದ ದೇಶಗಳಲ್ಲಿ ಈ ಆಟ ಬಹಳ ಜನಪ್ರಿಯವಾಗಿದ್ದು, ಅಂತಹ ಹವಾಮಾನಕ್ಕೆ ಬಾಗುವ, ಮೆದುವಾದ ಪ್ಲಾಸ್ಟಿಕ್ ಅನುಕೂಲಕರ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಒತ್ತಡಕ್ಕೆ ಸಿಲುಕಿದ ಡಿಸ್ಕ್ ಸೊಟ್ಟಗಾಗಿ ತನ್ನ ಹಾರಾಟದ ಗುಣವನ್ನೇ ಕಳೆದುಕೊಳ್ಳಬಹುದು.

ನಿಯಮಗಳು

ಪಿಡಿಜಿಎ ಮಾನದಂಡದ ಪ್ರಕಾರ ಡಿಸ್ಕಿನ ವ್ಯಾಸ ಕನಿಷ್ಠ 21 ಸೆಂಟಿಮೀಟರ್ ಇರಬೇಕು. ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂಗಿಂತ ಹೆಚ್ಚು ತೂಕವಿರಬಾರದು, 21.2 ಸೆಂಟಿಮೀಟರ್ ವ್ಯಾಸದ ಡ್ರೈವರ್ ಈ ಲೆಕ್ಕದಲ್ಲಿ ಸುಮಾರು 176 ಗ್ರಾಂ ತೂಗಬಹುದು. ಸುರಕ್ಷತೆಯ ದೃಷ್ಟಿಯಿಂದ ಅಂಚಿನ ಚೂಪಿಗೂ ಡಿಸ್ಕಿನ ಬಿಗಿತಕ್ಕೂ ಮಿತಿಗಳಿವೆ.

ತಯಾರಾದ ನಂತರ ಹಾರಾಟದ ಗುಣವನ್ನು ಬದಲಿಸುವಂತೆ ಡಿಸ್ಕನ್ನು ಮಾರ್ಪಡಿಸುವುದು ನಿಷಿದ್ಧ. ಆಟದಲ್ಲಿ ಸಹಜವಾಗಿ ಆಗುವ ಸವೆತಕ್ಕೂ, ಅಚ್ಚಿನ ಒರಟುತನ ಅಥವಾ ಗೀರುಗಳನ್ನು ತೆಗೆಯಲು ಮಿತವಾಗಿ ಉಜ್ಜುವುದಕ್ಕೂ ಅವಕಾಶವಿದೆ. ಬಿರುಕು ಬಿಟ್ಟ ಡಿಸ್ಕನ್ನು ಬಳಸುವಂತಿಲ್ಲ. ಹೀಗಾಗಿ ಡಿಸ್ಕನ್ನು ಪಳಗಿಸಲು ನ್ಯಾಯವಾದ ದಾರಿ ಆಡುವುದೊಂದೇ.

ಮಿತಿಗಳು

ಪ್ಲಾಸ್ಟಿಕ್‌ನ ಹೆಸರೊಂದರಿಂದಲೇ ಹಾರಾಟವನ್ನು ಊಹಿಸಲಾಗದು. ಅದೇ ಪ್ಲಾಸ್ಟಿಕ್, ಅದೇ ಅಚ್ಚು ಆದರೂ ತಯಾರಿಕೆಯ ಒಂದು ಸರದಿಗೂ ಇನ್ನೊಂದಕ್ಕೂ ಉಷ್ಣತೆ, ತಣಿಸುವ ಅವಧಿ ಮತ್ತು ಬಣ್ಣದ ಮಿಶ್ರಣ ಬೇರೆಯಾಗುತ್ತವೆ. ಈ ವ್ಯತ್ಯಾಸ ಕೆಲವೊಮ್ಮೆ ಎರಡು ಪ್ಲಾಸ್ಟಿಕ್‌ಗಳ ನಡುವಿನದಕ್ಕಿಂತ ದೊಡ್ಡದಾಗಿರಬಹುದು. ಡಿಸ್ಕಿನ ಮೇಲೆ ಮುದ್ರಿಸಿದ ಅಂಕಿಗಳು ಸಾಮಾನ್ಯ ಸೂಚನೆಗಳು ಮಾತ್ರ. ಅವು ಆ ವೇಗಕ್ಕೆ ತಕ್ಕಂತೆ ಎಸೆಯಬಲ್ಲವರನ್ನು ಉದ್ದೇಶಿಸಿದವು.

ಆರಂಭಿಕರ ಆಯ್ಕೆ

ಹೊಸ ಆಟಗಾರರ ಕೈಯಲ್ಲಿ ಉನ್ನತ ದರ್ಜೆಯ, ಅತಿವೇಗದ ಡ್ರೈವರ್ ಬೇಗನೆ ಎಡಕ್ಕೆ ಬಾಗಿ ನೆಲ ಸೇರುತ್ತದೆ. ಅದಕ್ಕೆ ಬೇಕಾದ ವೇಗ ದೊರೆಯದಿರುವುದೇ ಇದರ ಕಾರಣ. ಆದರೆ ಅನೇಕರು ದುಬಾರಿ ಡಿಸ್ಕನ್ನೇ ನಂಬಿ, ಅದರ ಫೇಡನ್ನು ಸರಿಪಡಿಸಲು ತಪ್ಪು ಎಸೆತವನ್ನು ರೂಢಿಸಿಕೊಳ್ಳುತ್ತಾರೆ. ಲೆಪರ್ಡ್‌ನಂತಹ ಕಡಿಮೆ ವೇಗದ ಡ್ರೈವರ್ ಮೂಲ ದರ್ಜೆಯ ಪ್ಲಾಸ್ಟಿಕ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಕೈಗೆ ಹತ್ತುತ್ತದೆ, ಸವೆದಂತೆ ಇನ್ನಷ್ಟು ನೇರವಾಗಿ ಹಾರುತ್ತದೆ. ಎಸೆತ ಸ್ಥಿರವಾದ ಬಳಿಕ ಅದೇ ಡಿಸ್ಕನ್ನು ಉನ್ನತ ದರ್ಜೆಯಲ್ಲಿ ಕೊಂಡು ಎರಡನ್ನೂ ಒಂದೇ ಜಾಗದಿಂದ ಎಸೆದು ನೋಡಿದರೆ ಪ್ಲಾಸ್ಟಿಕ್‌ನಿಂದಾಗುವ ವ್ಯತ್ಯಾಸ ಸ್ಪಷ್ಟವಾಗುತ್ತದೆ.