ಹಳಿ ಕೀಳದೆ ದಾರಿ ಬದಲಿಸೋದು ಹೇಗೆ? | ಕಂಪ್ಯೂಟರ್ ಚರಿತ್ರೆ

ಶಿವಮೊಗ್ಗ ಬಿಟ್ಟ ರೈಲು ಭದ್ರಾವತಿ, ತರೀಕೆರೆ ದಾಟಿ ಬೀರೂರಿಗೆ ಬರುತ್ತಲ್ಲ, ಅಲ್ಲಿ ನಮ್ಮ ಹಳಿ ಬೆಂಗಳೂರು–ಹುಬ್ಬಳ್ಳಿ ಹಳಿಗೆ ಸೇರುತ್ತೆ. ಯಾವ ಕಡೆ ಹೋಗಬೇಕಾದ್ರೂ ಹಳಿ ಕಿತ್ತು ಮತ್ತೆ ಹಾಕಲ್ಲ. ಪಾಯಿಂಟ್ ಬದಲಿಸ್ತಾರೆ, ಅಷ್ಟೇ. ಸಂಶೋಧನೆಗೆ ಬಳಸೋ ಲಿನಕ್ಸ್ ಯಂತ್ರಗಳಲ್ಲೂ ಇಂಥದ್ದೇ ಒಂದು ಪಾಯಿಂಟ್ ಇದೆ.

▪️1987: ರಿಚರ್ಡ್ ಸ್ಟಾಲ್ಮನ್ ಜಿಸಿಸಿ ಕಂಪೈಲರ್ ಹೊರತಂದರು. ನಮ್ಮ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ! ಆಮೇಲೆ ಆವೃತ್ತಿ ಮೇಲೆ ಆವೃತ್ತಿ ಬಂತು. ನಿಮ್ಮದೇ ಲ್ಯಾಪ್‌ಟಾಪ್ ಆದ್ರೆ ಹಳೇದು ತೆಗೆದು ಹೊಸದು ಹಾಕ್ತೀರಿ. ನೂರಾರು ಜನ ಹಂಚಿಕೊಳ್ಳೋ ಯಂತ್ರದಲ್ಲಿ ಹಾಗೆ ಮಾಡಿದ್ರೆ? ನಿಮ್ಮ ಕೆಲಸ ಆಗುತ್ತೆ, ಪಕ್ಕದವರ ಪಿಎಚ್‌ಡಿ ಕೋಡ್ ನಿಂತುಹೋಗುತ್ತೆ.

▪️1991: ಜಾನ್ ಫರ್ಲಾನಿ ‘ಮಾಡ್ಯೂಲ್ಸ್’ ಎಂಬ ಉಪಾಯವನ್ನು ಪ್ರಬಂಧವಾಗಿ ಮಂಡಿಸಿದರು. ಲಿನಕ್ಸ್ ಶುರುವಾದದ್ದು, ಪುಣೆಯ ಸಿ-ಡ್ಯಾಕ್ ಪರಮ್ 8000 ಕಟ್ಟಿದ್ದು ಕೂಡ ಅದೇ ವರ್ಷ.

ಉಪಾಯ ಸರಳ. ಎಲ್ಲ ಆವೃತ್ತಿಗಳೂ ಬೇರೆ ಬೇರೆ ಫೋಲ್ಡರಿನಲ್ಲಿ ಇರ್ತವೆ. ‘ಮಾಡ್ಯೂಲ್ ಲೋಡ್’ ಅಂದಾಗ ಏನೂ ಇನ್‌ಸ್ಟಾಲ್ ಆಗಲ್ಲ. ಯಂತ್ರ ಮೊದಲು ಯಾವ ಫೋಲ್ಡರಿನಲ್ಲಿ ಹುಡುಕಬೇಕು ಅನ್ನೋ ‘ಪಾತ್’ ಬದಲಾಗುತ್ತೆ, ಅದೂ ನಿಮ್ಮ ಸೆಷನ್‌ಗೆ ಮಾತ್ರ. ಲಾಗ್‌ಔಟ್ ಆದ್ರೆ ಮೊದಲಿನಂತೆ.

▪️2015: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ‘ಸಹಸ್ರಟಿ’ ಎಂಬ ಕ್ರೇ ಯಂತ್ರ ಬಂತು. ಕ್ರೇ, ಇಂಟೆಲ್, ಗ್ನೂ ಕಂಪೈಲರ್‌ಗಳ ನಡುವೆ ‘ಮಾಡ್ಯೂಲ್ ಸ್ವಾಪ್’ ಮಾಡೋದು ಇಂಥ ಕ್ರೇ ಯಂತ್ರಗಳಲ್ಲಿ ದಿನದ ಪಾಠ. ಅದೇ ವರ್ಷ ಜಿಸಿಸಿ 5, ಸಿ++ ಸ್ಟ್ರಿಂಗ್‌ನ ಒಳರಚನೆಯನ್ನೇ ಬದಲಿಸಿತು. ಹಳೇ ಆವೃತ್ತಿಯಲ್ಲಿ ಕಟ್ಟಿದ ಎಷ್ಟೋ ಲೈಬ್ರರಿಗಳು ಹೊಸ ಕೋಡ್ ಜೊತೆ ಲಿಂಕ್ ಆಗದೆ ಹಟ ಹಿಡಿದವು. ಕಂಪೈಲರ್ ಒಂದನ್ನೇ ಬದಲಿಸಿದ್ರೆ ಸಾಲದು, ಅದರ ಬಳಗವೂ ಜೊತೆಗೇ ಬರಬೇಕು. ಟೆಕ್ಸಾಸ್‌ನಲ್ಲಿ ರಾಬರ್ಟ್ ಮೆಕ್‌ಲೇ ಬರೆದ ‘ಎಲ್‌ಮಾಡ್’ ಆ ಕೆಲಸವನ್ನ ತಾನೇ ನೋಡಿಕೊಳ್ಳುತ್ತೆ.

ಇದು ನಿಮಗ್ಯಾಕೆ ಬೇಕು? ಕಂಪೈಲರ್ ಬದಲಾದ್ರೆ ಲೆಕ್ಕದ ಕ್ರಮ ಬದಲಾಗಬಹುದು, ದಶಮಾಂಶದ ಕೊನೆಯ ಅಂಕಿಗಳೂ ಬದಲಾಗಬಹುದು. ಮಳೆ, ಹವಾಮಾನದಂಥ ಲೆಕ್ಕದಲ್ಲಿ ಆ ಚಿಕ್ಕ ವ್ಯತ್ಯಾಸವೇ ಬೆಳೆಯುತ್ತೆ. ‘ಈ ಉತ್ತರ ಹೇಗೆ ಬಂತು?’ ಅಂತ ಗೈಡ್ ಕೇಳಿದಾಗ ಆವೃತ್ತಿ ಹೇಳೋಕೆ ಬರದಿದ್ರೆ, ಆ ಫಲಿತಾಂಶವನ್ನ ಯಾರು ನಂಬ್ತಾರೆ?

ಶಂಕರಘಟ್ಟದಿಂದಲೋ ಶಿವಮೊಗ್ಗದ ಕಾಲೇಜಿಂದಲೋ ನಾಳೆ ದೊಡ್ಡ ಯಂತ್ರಕ್ಕೆ ಲಾಗಿನ್ ಆದಾಗ ಮೊದಲು ‘ಮಾಡ್ಯೂಲ್ ಲಿಸ್ಟ್’ ಅಂತ ಟೈಪ್ ಮಾಡಿ. ಬಂದದ್ದನ್ನ ಹಾಗೇ ನೋಟ್ಸ್‌ಗೆ ಬರ್ಕೊಳ್ಳಿ. ಜಾಬ್ ಸ್ಕ್ರಿಪ್ಟ್‌ನಲ್ಲೂ ಆವೃತ್ತಿಯ ಸಂಖ್ಯೆ ಸಮೇತ ಹಾಕಿ.

ಸೇವ್ ಮಾಡ್ಕೊಳ್ಳಿ, ಪ್ರಾಜೆಕ್ಟ್ ಪಾರ್ಟ್ನರ್‌ಗೂ ಕಳಿಸಿ 🚂

#ಕಂಪ್ಯೂಟರ್_ಚರಿತ್ರೆ #ಶಿವಮೊಗ್ಗ #ಭದ್ರಾವತಿ