ರಾಯಚೂರು ಸೀಮೆಯ ವಿಮೋಚನಾ ಹೋರಾಟ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನ ಜನ ಹೈದರಾಬಾದ್ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಪಡೆಯಲು ನಡೆಸಿದ ಹೋರಾಟ. ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಕೊಪ್ಪಳ ಮೊದಲಾದ ತಾಲ್ಲೂಕುಗಳಿಗೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ರಂದು ಅಲ್ಲ, 1948ರ ಸೆಪ್ಟೆಂಬರ್ 17ರಂದು.

ಅಸಮಾಧಾನದ ಬೇರು ಬಹಳ ಹಿಂದಿನದು. ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಖರ್ಚಿನ ಬಾಕಿಗಾಗಿ ನಿಜಾಮ 1853ರ ಒಪ್ಪಂದದಲ್ಲಿ ಬೀರಾರ್ ಮತ್ತು ಧಾರಾಶಿವದ ಜೊತೆಗೆ ರಾಯಚೂರು ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಕೊಟ್ಟ. 1857ರ ದಂಗೆಯಲ್ಲಿ ಇಂಗ್ಲಿಷರ ಪಕ್ಷ ವಹಿಸಿದ್ದಕ್ಕೆ ಪ್ರತಿಫಲವಾಗಿ 1860ರಲ್ಲಿ ದೋಆಬು ನಿಜಾಮನಿಗೆ ಮರಳಿತು, ಐವತ್ತು ಲಕ್ಷ ರೂಪಾಯಿ ಸಾಲವೂ ಮನ್ನಾ ಆಯಿತು. ಬಂಡೆದ್ದ ವೆಂಕಟಪ್ಪ ನಾಯಕನ ಸುರಪುರ ಸಂಸ್ಥಾನವನ್ನೂ ಆಗಲೇ ನಿಜಾಮನಿಗೆ ಒಪ್ಪಿಸಲಾಯಿತು. ಏಳು ವರ್ಷದಲ್ಲಿ ಎರಡು ಸಲ ನೆಲ ಕೈ ಬದಲಾಯಿಸಿತು. ಎರಡು ಸಲವೂ ಅದನ್ನು ಉತ್ತುತ್ತಿದ್ದ ರೈತನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಈ ಸೀಮೆಯ ಮುಂದಿನ ಚರಿತ್ರೆಯನ್ನು ಇಲ್ಲಿಂದ ಓದುವುದೇ ಸರಿ.

ಹದಿನೆಂಟನೆಯ ಶತಮಾನದ ಅಮೆರಿಕದ ವಸಾಹತುಗಾರರು ತಮ್ಮ ಪ್ರತಿನಿಧಿಗಳೇ ಇಲ್ಲದ ಪಾರ್ಲಿಮೆಂಟು ಸಮುದ್ರದಾಚೆಯಿಂದ ತೆರಿಗೆ ಹಾಕುವುದನ್ನು ಪ್ರಶ್ನಿಸಿ ಎದ್ದರು. ಇಲ್ಲಿ ನಡುವೆ ಸಮುದ್ರವಿರಲಿಲ್ಲ; ರಾಯಚೂರಿನಿಂದ ಹೈದರಾಬಾದಿಗೆ ಸುಮಾರು ಇನ್ನೂರು ಕಿಲೋಮೀಟರ್ ಮಾತ್ರ. ಆದರೂ ಮಾನ್ವಿಯ ರೈತನಿಗೆ ದರ್ಬಾರು ಬಲು ದೂರವಿತ್ತು. ಜಿಲ್ಲೆಯ ದೊಡ್ಡ ಅಧಿಕಾರಿ ಅವ್ವಲ್ ತಾಲೂಕುದಾರ. ಕಚೇರಿಯ ಕಾಗದಪತ್ರವೆಲ್ಲ ಉರ್ದು. ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಕನ್ನಡದ ರೈತ ಇನ್ನೊಬ್ಬರ ಬಾಯಿ ನೋಡಬೇಕಿತ್ತು. ಕೆಳಗಿನ ತರಗತಿಗಳಾಚೆ ಓದಬೇಕೆಂದರೂ ಉರ್ದುವೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಅದೇ ಭಾಷೆಯಲ್ಲಿ. ಭಾರತೀಯ ಭಾಷೆಯೊಂದಕ್ಕೆ ಉನ್ನತ ಶಿಕ್ಷಣದಲ್ಲಿ ಸಿಕ್ಕ ಈ ಸ್ಥಾನ ನಿಜಕ್ಕೂ ದೊಡ್ಡ ಸಾಧನೆ. ಅದೇ ಗೌರವ ಕನ್ನಡ, ತೆಲುಗು, ಮರಾಠಿಗಳಿಗೆ ದಕ್ಕಲಿಲ್ಲ ಎಂಬುದೇ ನೋವು. ಚಲಾವಣೆಯಲ್ಲಿದ್ದ ನಾಣ್ಯ ಹಾಲಿ ಸಿಕ್ಕಾ. ಗಡಿ ದಾಟುವ ಸರಕಿಗೆ ಕರೋಡಗಿರಿ ಸುಂಕ. ಜಹಗೀರುಗಳಲ್ಲಿ ಬಿಟ್ಟಿ ಚಾಕರಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಲೆವಿ. ಸಭೆ ಸೇರಲು ಸರ್ಕಾರದ ಅಪ್ಪಣೆ ಬೇಕೆಂಬ ‘ಗಸ್ತಿ ನಿಶಾನ್ 53’ ಸುತ್ತೋಲೆ ಇವುಗಳ ಬಗ್ಗೆ ಬಾಯಿ ಬಿಡದಂತೆ ಮಾಡಿತ್ತು.

ರಾಜಕೀಯ ಸಭೆಗೆ ಅವಕಾಶವಿಲ್ಲದ ಕಡೆ ಶಾಲೆ ಮತ್ತು ಸಾಹಿತ್ಯವೇ ಆ ಕೆಲಸ ಮಾಡಿದವು. ಪಂಡಿತ ತಾರಾನಾಥರು 1920ರ ದಶಕದ ಆರಂಭದಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದರು. ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯಕೀಯ ಓದಿದ ಅವರು ರಾಷ್ಟ್ರೀಯ ಭಾವನೆಯ ಶಾಲೆಗೆ ಇಟ್ಟದ್ದು ಉರ್ದು ಹೆಸರು. ಹಗೆತನವಿದ್ದದ್ದು ಭಾಷೆಯ ಮೇಲಲ್ಲ, ಅದನ್ನು ಹೇರಿದ ಆಡಳಿತದ ಮೇಲೆ ಎಂಬುದಕ್ಕೆ ಆ ಬಾಗಿಲ ಮೇಲಿನ ಹೆಸರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ ಅವರು ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿನ ಕನ್ನಡಿಗರಿಗೆ ತಾವು ಒಂಟಿಯಲ್ಲವೆಂಬ ಧೈರ್ಯ ಕೊಟ್ಟಿತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮುನ್ನವೇ ನಿಷೇಧಕ್ಕೆ ಒಳಗಾಯಿತು. ಸಿಂದಗಿಯಲ್ಲಿ ಹುಟ್ಟಿದ, ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು ನಿಷೇಧದ ವಿರುದ್ಧ ಸತ್ಯಾಗ್ರಹ ಮಾಡಿ ಜೈಲು ಸೇರಿದರು. ನಿಷೇಧ ತೆರವಾದದ್ದು 1946ರಲ್ಲಿ. ಮರುವರ್ಷ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಯಾವ ಒಕ್ಕೂಟಕ್ಕೂ ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದ. ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ ‘ಭಾರತಕ್ಕೆ ಸೇರಿ’ ಚಳವಳಿ ಆರಂಭಿಸಿತು. ಭಾರತದೊಂದಿಗೆ ಆದ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ಕಾಗದದಲ್ಲೇ ಉಳಿದು, ನಿಜಾಮನ ಪರ ನಿಂತ ಖಾಸಿಂ ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ ಹಳ್ಳಿಹಳ್ಳಿಗೂ ಹರಡಿತು.

ಇಲ್ಲಿ ನದಿಗಳ ಸ್ಥಾನ ಗಮನಿಸಬೇಕು. ಮಾನ್ವಿ ತಾಲ್ಲೂಕಿನವರು ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ, ಅಂದರೆ ಸ್ವತಂತ್ರ ಭಾರತ. ದೇವದುರ್ಗದವರಿಗೆ ಆ ಆಸರೆ ಇರಲಿಲ್ಲ: ಕೃಷ್ಣೆಯ ಆಚೆ ದಡದ ಶಹಾಪುರ, ಸುರಪುರಗಳೂ ನಿಜಾಮನವೇ. ಹೋರಾಟಗಾರರ ಶಿಬಿರಗಳು ಗಡಿಯಾಚೆಗೇ ಬೆಳೆದದ್ದು ಅಲ್ಲಿ ಭಾರತದ ಆಸರೆ ಇದ್ದ ಕಾರಣಕ್ಕೆ. ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿ ಸ್ವಾಮಿ, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಸುಂಕದ ಕಟ್ಟೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ನಿಜಾಮನ ಆಡಳಿತದ ಕೈ ಕಟ್ಟುವುದು ಶಿಬಿರಗಳ ಕೆಲಸವಾಗಿತ್ತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. ಮೊದಲ ದಿನವೇ ಗೂರ್ಖಾ ಪಡೆ ತುಂಗಭದ್ರೆಯ ಸೇತುವೆಯನ್ನು ಹಿಡಿಯಿತು. ಐದನೆಯ ದಿನ ನಿಜಾಮ ಶರಣಾದ.

ಈ ಕಥೆಯನ್ನು ಹಿಂದೂ–ಮುಸ್ಲಿಂ ಕಾಳಗವೆಂದು ಹೇಳುವವರು ಅರ್ಧವನ್ನೇ ಹೇಳುತ್ತಾರೆ. ಭಾರತ ಸೇರಬೇಕೆಂದು ಬರೆದ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್‌ರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲ್ಲಲಾಯಿತು. ಸೇನೆಯ ಕಾರ್ಯಾಚರಣೆಯ ನಂತರ ಸಂಸ್ಥಾನದ ಹಲವೆಡೆ ಅಮಾಯಕ ಮುಸ್ಲಿಮರ ಹತ್ಯೆ ನಡೆಯಿತು; ಇದನ್ನು ವಿಚಾರಿಸಲು ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ವಿಮೋಚನೆಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಶಿವಮೂರ್ತಿ ಸ್ವಾಮಿ ಕುಷ್ಟಗಿಯಿಂದ ಪಕ್ಷೇತರರಾಗಿ ಗೆದ್ದರು. 1956ರ ನವೆಂಬರ್ 1ರಂದು ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಓದು ಮತ್ತು ನೌಕರಿಯ ಕೊರಗು ಮಾತ್ರ ಅಲ್ಲಿಗೆ ತೀರಲಿಲ್ಲ. ಈ ಭಾಗದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದದ್ದು 2013ರಲ್ಲಿ.