ಕಿನ್ನಾಳದ ಕಿಟ್ಟ: ಸಸ್ಯನಾರಿನ ಸಂಯುಕ್ತ ದ್ರವ್ಯದ ಒಂದು ದೇಸಿ ಪರಂಪರೆ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕಲೆಯನ್ನು ವಿಜಯನಗರದ ಪರಂಪರೆಯೊಡನೆ ಜೋಡಿಸಿ ನೋಡುವುದು ವಾಡಿಕೆ. ಆದರೆ ಬಣ್ಣದ ಕೆಳಗಿರುವ ದ್ರವ್ಯವೂ ಇತಿಹಾಸಕ್ಕೆ ಸೇರಿದ್ದು. ಸೆಣಬಿನ ಚಿಂದಿಯನ್ನು ನೆನೆಸಿ, ಚೂರುಮಾಡಿ, ಒಣಗಿಸಿ, ಪುಡಿಗೈದು ಹುಣಸೆಬೀಜದ ಅಂಟಿನೊಡನೆ ಕಲಸಿದ ಮಿಶ್ರಣವೇ ಕಿಟ್ಟ. ಹಗುರ ಮರದ ಬಿಡಿಭಾಗಗಳನ್ನು ಬೆಸೆದು, ಮೇಲೆ ಇದನ್ನು ಬಳಿದು, ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿದ ಬಳಿಕವೇ ಬಣ್ಣದ ಕೆಲಸ. ಅಂಟು ಬಂಧಕವಾಗಿ ಹಿಡಿದಿಡುತ್ತದೆ. ನಾರು ಬಿರುಕನ್ನು ತಡೆಯುತ್ತದೆ. ಆಧುನಿಕ ಸಂಯುಕ್ತ ದ್ರವ್ಯಗಳ ತತ್ತ್ವವೂ ಇದೇ. 1941ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಸಸ್ಯಜನ್ಯ ಪ್ಲಾಸ್ಟಿಕ್ ಫಲಕಗಳ ಕಾರನ್ನು ಪ್ರದರ್ಶಿಸಿದ್ದು ತಂತ್ರಜ್ಞಾನದ ಚರಿತ್ರೆಯಲ್ಲಿ ದಾಖಲಾಯಿತು. ಕೈಯಿಂದ ಕೈಗೆ ಬಂದ ಕಿಟ್ಟ ಕರಕುಶಲವೆಂಬ ಹೆಸರಿನಲ್ಲೇ ಉಳಿಯಿತು. ಕೆಲವೇ ಕುಟುಂಬಗಳು ಉಳಿಸಿಕೊಂಡಿರುವ ಈ ಅರಿವನ್ನು ಅಳತೆ, ಹದಗಳ ಸಹಿತ ದಾಖಲಿಸದಿದ್ದರೆ, ಗೊಂಬೆಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದರೂ ವಿದ್ಯೆ ಉಳಿಯದು.